ಅದೃಷ್ಟವನ್ನು ಸೋಸುವ ಸಂಖ್ಯೆ

ಅಕ್ಷರ ಜೋಡಿಸಿ ಪದ ಕಟ್ಟುವ ಸ್ಕ್ರ್ಯಾಬಲ್ ಆಟದ ಟೂರ್ನಿಯಲ್ಲಿ ಆಟಗಾರರು ಚೀಲದಿಂದ ಅಕ್ಷರದ ಬಿಲ್ಲೆ ತೆಗೆಯುವುದನ್ನು ಒಮ್ಮೆ ನೋಡಬೇಕು. ಚೀಲವನ್ನು ಕಣ್ಣಿನ ಮಟ್ಟಕ್ಕಿಂತ ಮೇಲೆತ್ತಿ ಹಿಡಿದು, ಮುಖ ಆಚೆ ತಿರುಗಿಸಿ ಒಳಗೆ ಕೈ ಹಾಕುತ್ತಾರೆ. ಬಿಲ್ಲೆಗಳು ನುಣುಪಾದ ಪ್ಲಾಸ್ಟಿಕ್ಕಿನವು. ಮನೆಯಲ್ಲಿ ಆಡುವ ಮರದ ಬಿಲ್ಲೆಯ ಮೇಲಿನ ಕೊರೆತ ಬೆರಳ ತುದಿಗೆ ಗೊತ್ತಾಗಿಬಿಡುತ್ತದೆ, ಅದಕ್ಕೇ ಈ ಏರ್ಪಾಟು. ಪಕ್ಕದಲ್ಲಿ ಗಡಿಯಾರ ಓಡುತ್ತಿರುತ್ತದೆ: ಒಬ್ಬೊಬ್ಬರಿಗೆ 25 ನಿಮಿಷ, ಮೀರಿದರೆ ನಿಮಿಷಕ್ಕೆ 10 ಅಂಕ ಕಡಿತ.

ಇಷ್ಟೆಲ್ಲ ಕಟ್ಟುನಿಟ್ಟಿದ್ದರೂ ಚೀಲದಲ್ಲಿರುವ 100 ಬಿಲ್ಲೆಗಳಲ್ಲಿ ಯಾವುದು ಕೈಗೆ ಬರುತ್ತದೆ ಎಂಬುದು ಯಾರ ಹಿಡಿತದಲ್ಲೂ ಇಲ್ಲ. ಎದುರಾಳಿಗೆ ಯಾವ ಅಕ್ಷರವಾದರೂ ಆಗಬಲ್ಲ ಎರಡೂ ಖಾಲಿ ಬಿಲ್ಲೆ ಸಿಕ್ಕಿ, ನಮ್ಮ ಕೈಯ ಏಳು ಬಿಲ್ಲೆಗಳಲ್ಲಿ ಆರು ಸ್ವರಗಳೇ ಬಂದು ಕೂತರೆ ನಿಘಂಟನ್ನೇ ಅರೆದು ಕುಡಿದವರೂ ಪರದಾಡುತ್ತಾರೆ. ಹಾಗಿದ್ದ ಮೇಲೆ ಈ ಆಟದಲ್ಲಿ ಯಾರನ್ನು ಎಕ್ಸ್‌ಪರ್ಟ್ ಎನ್ನಬೇಕು, ಯಾರಿಗೆ ಗ್ರ್ಯಾಂಡ್‌ಮಾಸ್ಟರ್ ಬಿರುದು ಸಲ್ಲಬೇಕು? ಒಂದು ದಿನದ ಗೆಲುವಿಗೆ ಕಪ್ ಕೊಡಬಹುದು, ಬಿರುದು ಕೊಡಲಾಗದು. ಈ ತೊಡಕು ಬಿಡಿಸಿದ ದಾರಿ ಬಂದದ್ದು ಚದುರಂಗದ ಮನೆಯಿಂದ.

ಅದೃಷ್ಟವನ್ನು ಈ ಆಟದೊಳಗೆ ಬೇಕೆಂದೇ ಸೇರಿಸಿದವರು ಅದನ್ನು ಕಟ್ಟಿದ ಆಲ್ಫ್ರೆಡ್ ಬಟ್ಸ್. 1930ರ ದಶಕದ ಮಹಾ ಆರ್ಥಿಕ ಕುಸಿತದಲ್ಲಿ ಕೆಲಸ ಕಳೆದುಕೊಂಡ ವಾಸ್ತುಶಿಲ್ಪಿ. ನ್ಯೂಯಾರ್ಕಿನ ಮನೆಯಲ್ಲಿ ಕೂತು, ಪತ್ರಿಕೆಗಳ ಪುಟಗಳಲ್ಲಿ ಯಾವ ಅಕ್ಷರ ಎಷ್ಟು ಸಲ ಬರುತ್ತದೆಂದು ಎಣಿಸಿ, ಯಾವುದಕ್ಕೆ ಎಷ್ಟು ಬಿಲ್ಲೆ, ಎಷ್ಟು ಅಂಕ ಎಂದು ಗೊತ್ತುಮಾಡಿದರು. ಹಾಗಾಗಿ ‘ಇ’ಗೆ 12 ಬಿಲ್ಲೆ, ‘ಕ್ಯೂ’ಗೆ ಒಂದೇ. ಪದಸಂಪತ್ತಿನ ಜೊತೆ ಅದೃಷ್ಟವೂ ಬೆರೆತರೆ ಆಟ ಎಲ್ಲರಿಗೂ ರುಚಿಸುತ್ತದೆ ಎಂಬುದು ಅವರ ನಂಬಿಕೆ. 1948ರಲ್ಲಿ ಜೇಮ್ಸ್ ಬ್ರೂನೊ ಅದಕ್ಕೆ ಸ್ಕ್ರ್ಯಾಬಲ್ ಎಂಬ ಹೆಸರಿಟ್ಟು ಮಾರತೊಡಗಿದರು. ಕೆಲವೇ ವರ್ಷಗಳಲ್ಲಿ ಅದು ಅಮೆರಿಕದ ಮನೆಮನೆಗೂ ತಲುಪಿತು.

ಮನೆಯಿಂದ ಹೊರಬಿದ್ದ ಆಟ ನ್ಯೂಯಾರ್ಕಿನ ಚೆಸ್ ಕೋಣೆಗಳಲ್ಲೂ ಜಾಗ ಹಿಡಿಯಿತು. ಚದುರಂಗದ ಹಾಸಿನ ಪಕ್ಕದಲ್ಲೇ ಸ್ಕ್ರ್ಯಾಬಲ್ ಹಲಗೆ, ದುಡ್ಡು ಕಟ್ಟಿ ಆಡುವವರು. ಚೆಸ್ ಗಡಿಯಾರ ಈ ಹಲಗೆಯ ಪಕ್ಕಕ್ಕೂ ಬಂತು. ಗಡಿಯಾರದ ಹಾದಿಯಲ್ಲೇ ಮುಂದೆ, ಆಟಗಾರರ ಬಲವನ್ನು ಸಂಖ್ಯೆಯಲ್ಲಿ ಹೇಳುವ ರೇಟಿಂಗೂ ಬಂತು.

ಆ ರೇಟಿಂಗಿನ ಜನಕ ಅರ್ಪಾಡ್ ಎಲೋ. ಚೆಸ್ ಸುದ್ದಿಗಳಲ್ಲಿ ‘ಇಎಲ್‌ಒ’ ಎಂದು ಬರೆಯುವುದನ್ನು ಆಗಾಗ ನೋಡುತ್ತೇವೆ. ಅದು ಸಂಕ್ಷೇಪವಲ್ಲ, ಮನುಷ್ಯನ ಹೆಸರು. ಹಂಗೇರಿಯಲ್ಲಿ 1903ರಲ್ಲಿ ಹುಟ್ಟಿ, ಬಾಲ್ಯದಲ್ಲೇ ಅಮೆರಿಕಕ್ಕೆ ಹೋಗಿ, ಮಿಲ್ವಾಕಿಯಲ್ಲಿ ಭೌತಶಾಸ್ತ್ರದ ಮೇಷ್ಟರಾದವರು. ಸ್ವತಃ ಬಲವಾದ ಚೆಸ್ ಆಟಗಾರ, ವಿಸ್ಕಾನ್ಸಿನ್ ರಾಜ್ಯ ಚಾಂಪಿಯನ್. ಅವರ ಪದ್ಧತಿಯನ್ನು ಅಮೆರಿಕದ ಚೆಸ್ ಒಕ್ಕೂಟ 1960ರಲ್ಲಿ, ವಿಶ್ವ ಸಂಸ್ಥೆ ಫಿಡೆ 1970ರಲ್ಲಿ ಒಪ್ಪಿಕೊಂಡವು. ಆಟಗಾರನ ಬಲ ದಿನಕ್ಕೊಂದು ಥರ ಏರಿಳಿಯುತ್ತದೆ, ಆದರೂ ಅದಕ್ಕೊಂದು ನಡುಮಟ್ಟ ಇರುತ್ತದೆ, ಆಟ ಹೆಚ್ಚಿದಂತೆ ಆ ಮಟ್ಟ ಗೋಚರಿಸುತ್ತದೆ ಎಂಬುದು ಅವರ ಎಣಿಕೆ.

ಲೆಕ್ಕ ಕಷ್ಟವಲ್ಲ. 1700 ರೇಟಿಂಗಿನವರೂ 1500ರವರೂ ಎದುರಾದರು ಅನ್ನಿ. 200 ಅಂಕಗಳ ಅಂತರವೆಂದರೆ ನೂರು ಆಟಗಳಲ್ಲಿ ಸುಮಾರು 76 ಮೇಲಿನವರ ಪಾಲಾಗಬೇಕು. ಒಂದು ಆಟದಲ್ಲಿ ಹೆಚ್ಚೆಂದರೆ 20 ಅಂಕ ಕೈ ಬದಲಾಗಬಹುದೆಂದು ಇಟ್ಟುಕೊಳ್ಳಿ. ಮೇಲಿನವರು ಗೆದ್ದರೆ ಅವರಿಗೆ ಸಿಗುವುದು ಐದೇ ಅಂಕ. ಆದರೆ 1500ರವರು ಗೆದ್ದುಬಿಟ್ಟರೆ ಅವರಿಗೆ 15 ಸೇರುತ್ತದೆ, ಸೋತವರ ಗಂಟಿನಿಂದ ಅಷ್ಟೇ ಹೋಗುತ್ತದೆ. ಒಳ್ಳೆಯ ಬಿಲ್ಲೆ ಬಂದು ಒಂದು ದಿನ ಮೇಲೇರಿದವರನ್ನು ಮುಂದಿನ ಆಟಗಳು ತಮ್ಮ ಜಾಗಕ್ಕೆ ತಂದು ಕೂರಿಸುತ್ತವೆ. ಚೆಸ್‌ಗಿಂತಲೂ ಈ ಲೆಕ್ಕ ಹೆಚ್ಚು ಬೇಕಿದ್ದದ್ದು ಸ್ಕ್ರ್ಯಾಬಲ್‌ಗೆ ಎಂದು ನನಗನ್ನಿಸುತ್ತದೆ. ಚದುರಂಗದಲ್ಲಿ ಇಬ್ಬರಿಗೂ ಒಂದೇ ಸೈನ್ಯ. ಇಲ್ಲಿ ಸೈನ್ಯವೇ ಚೀಲದಿಂದ ಬರಬೇಕು.

ಉತ್ತರ ಅಮೆರಿಕದ ಸ್ಕ್ರ್ಯಾಬಲ್ ಎಲೋ ಮಾದರಿಯನ್ನೇ ಹಿಡಿಯಿತು. ಅಲ್ಲಿ 1600 ದಾಟಿದವರನ್ನು ಎಕ್ಸ್‌ಪರ್ಟ್ ಎನ್ನುವುದು ವಾಡಿಕೆಯಾಯಿತು. ಪತ್ರಕರ್ತ ಸ್ಟೀಫನ್ ಫ್ಯಾಟ್ಸಿಸ್ ಆ ಗೆರೆ ದಾಟಲೆಂದೇ ಊರೂರು ಸುತ್ತಿ ಆಡಿ, 2001ರಲ್ಲಿ ‘ವರ್ಡ್ ಫ್ರೀಕ್’ ಎಂಬ ಪುಸ್ತಕ ತಂದರು. ಬ್ರಿಟನ್ ತನ್ನ ಚೆಸ್‌ನಲ್ಲಿದ್ದ ಬೇರೊಂದು ಲೆಕ್ಕವನ್ನು ಎರವಲು ಪಡೆಯಿತು. ಗೆದ್ದರೆ ಎದುರಾಳಿಯ ರೇಟಿಂಗಿಗೆ 50 ಕೂಡಿಸುವುದು, ಸೋತರೆ 50 ಕಳೆಯುವುದು. ಹೀಗೆ ಬಂದ ಅಂಕಗಳ ಸರಾಸರಿಯೇ ರೇಟಿಂಗ್. ಅಲ್ಲಿನ ಆಟಗಾರರ ಸಂಘ ಕೊಡುವ ಎಕ್ಸ್‌ಪರ್ಟ್, ಗ್ರ್ಯಾಂಡ್‌ಮಾಸ್ಟರ್ ಬಿರುದುಗಳು ನಿಂತಿರುವುದು ಈ ರೇಟಿಂಗಿನ ಮೇಲೆ. ಗ್ರ್ಯಾಂಡ್‌ಮಾಸ್ಟರ್ ಎಂಬ ಮಾತೂ ಚೆಸ್‌ನದೇ. ಫಿಡೆ 1950ರಲ್ಲಿ ಮೊದಲ ಸಲ 27 ಮಂದಿಗೆ ಆ ಬಿರುದು ಕೊಟ್ಟಿತ್ತು. ಮೈಸೂರಿನ ಎಂ.ಎಸ್. ತೇಜ್‌ಕುಮಾರ್ 2017ರಲ್ಲಿ ಕರ್ನಾಟಕದ ಮೊದಲ ಚೆಸ್ ಗ್ರ್ಯಾಂಡ್‌ಮಾಸ್ಟರ್ ಆಗಲು ಎಲೋ ರೇಟಿಂಗಿನಲ್ಲಿ 2500ರ ಗೆರೆ ಮುಟ್ಟಲೇಬೇಕಾಯಿತು.

ಫ್ರೆಂಚ್ ಭಾಷಿಕರು ಅದೃಷ್ಟವನ್ನು ಬುಡಸಮೇತ ಕಿತ್ತರು. ಬೆಲ್ಜಿಯಂನ ಇಪೊಲಿತ್ ವೂಟರ್ಸ್ ರೂಪಿಸಿದ ಡುಪ್ಲಿಕೇಟ್ ಆಟದಲ್ಲಿ ಇಡೀ ಸಭಾಂಗಣಕ್ಕೆ ಅವೇ ಏಳು ಅಕ್ಷರ. ಪ್ರತಿಯೊಬ್ಬರೂ ತಮಗೆ ತೋಚಿದ ಪದವನ್ನು ಚೀಟಿಯಲ್ಲಿ ಬರೆದು ಕೊಡಬೇಕು. ಹೆಚ್ಚು ಅಂಕದ ಪದವನ್ನು ಎಲ್ಲರೂ ತಮ್ಮ ಹಲಗೆಯ ಮೇಲೆ ಜೋಡಿಸಿ ಮುಂದುವರಿಯುತ್ತಾರೆ. ಪರೀಕ್ಷೆ ಬರೆದಂತೆ. ಆಟಗಾರರನ್ನು ಏಳು ಶ್ರೇಣಿಗಳಲ್ಲಿ ವಿಂಗಡಿಸುತ್ತಾರೆ, ಮೊದಲನೆಯದೇ ಎಲ್ಲಕ್ಕಿಂತ ಮೇಲು. ನ್ಯಾಯವೇನೋ ಪೂರ್ತಿ ಸಿಗುತ್ತದೆ, ಆದರೆ ಎದುರಾಳಿಯ ಮುಖ ನೋಡಿ ಆಡುವ ಬಿಸಿ ಅಲ್ಲಿಲ್ಲ. ನನ್ನ ಒಲವು ಚೀಲದ ಆಟದ ಕಡೆಗೇ.

ಆ ಆಟದ ಶಿಖರ ನ್ಯೂಜಿಲೆಂಡಿನ ನೈಜೆಲ್ ರಿಚರ್ಡ್ಸ್. 2007ರಿಂದ 2019ರೊಳಗೆ ಐದು ಸಲ ಇಂಗ್ಲಿಷ್ ವಿಶ್ವ ಚಾಂಪಿಯನ್. ಮಾತಾಡಲು ಬಾರದ ಫ್ರೆಂಚ್‌ನ ಪದಪಟ್ಟಿಯನ್ನು ಸುಮಾರು ಒಂಬತ್ತು ವಾರಗಳಲ್ಲಿ ಬಾಯಿಪಾಠ ಮಾಡಿ 2015ರಲ್ಲಿ ಫ್ರೆಂಚ್ ವಿಶ್ವ ಪ್ರಶಸ್ತಿಯನ್ನೂ ಗೆದ್ದವರು. ಅಂಥವರೂ ನಾಲ್ಕು ಆಟಕ್ಕೆ ಹೆಚ್ಚುಕಡಿಮೆ ಒಂದನ್ನು ಸೋಲುತ್ತಾರೆ. ಆದರೂ ಅವರ ರೇಟಿಂಗ್ ವರ್ಷಗಟ್ಟಲೆ ತುದಿಯಲ್ಲೇ ನಿಂತಿತ್ತು.

ಬೆಂಗಳೂರಿನಲ್ಲೂ ರೇಟಿಂಗ್ ಟೂರ್ನಿಗಳು ನಡೆಯುತ್ತವೆ. ಅಲ್ಲಿ ಬಳಸುವ ಇಂಗ್ಲಿಷ್ ಪದಪಟ್ಟಿಯಲ್ಲಿ ನಮ್ಮ ಇಡ್ಲಿಯೂ ಇದೆ, ದೋಸೆಯೂ ಇದೆ. ಎರಡಕ್ಕೂ ತಲಾ ಐದು ಅಂಕ. ಮನೆಯಲ್ಲಿ ಪದಗಳ ಹುಚ್ಚಿರುವ ಮಕ್ಕಳಿದ್ದರೆ ಒಮ್ಮೆ ಕರೆದುಕೊಂಡು ಹೋಗಿ. ಎಲ್ಲ ಆಟ ಸೋತರೂ ಅವರ ಹೆಸರಿನ ಮುಂದೆ ಒಂದು ಸಂಖ್ಯೆ ಬರುತ್ತದೆ. ಮುಂದಿನ ಟೂರ್ನಿಯಲ್ಲಿ ಅದನ್ನು ಏರಿಸಲು ಶುರುಮಾಡಬಹುದು.