ಶಿಲುಬೆಯ ಮೇಲಿನ ಮೂರು ಭಾಷೆಗಳು

ನುಂಗಂಬಾಕ್ಕಂ ಪರಿಸರದಲ್ಲಿ ನೆಲೆಸಿರುವ ಕನ್ನಡಿಗರಾದ ನಮಗೆ ಕ್ರೈಸ್ತ ಸಂಸ್ಥೆಗಳು ಹೊಸತಲ್ಲ. 1915ರಲ್ಲಿ ಆರಂಭವಾದ ವಿಮೆನ್ಸ್ ಕ್ರಿಶ್ಚಿಯನ್ ಕಾಲೇಜು, 1925ರಲ್ಲಿ ಯೇಸುಸಭೆಯ ಪಾದ್ರಿಗಳು ಸ್ಥಾಪಿಸಿದ ಲೊಯೋಲಾ ಕಾಲೇಜು ಎರಡೂ ನಮ್ಮ ನೆರೆಹೊರೆಯಲ್ಲಿಯೇ ಇವೆ. ಲೊಯೋಲಾ ಆವರಣದ ಕ್ರಿಸ್ತರಾಜ ದೇವಾಲಯವನ್ನು ದಿನನಿತ್ಯ ಕಾಣುವವರು ನಮ್ಮಲ್ಲಿ ಅನೇಕರು. ಆದರೂ ಕ್ರೈಸ್ತ ಧರ್ಮದ ಹುಟ್ಟಿನ ವಿಚಾರ ಬಂದಾಗ 'ಅದು ಪಾಶ್ಚಾತ್ಯರ ಧರ್ಮ' ಎಂಬ ಒಂದೇ ಮಾತಿನಿಂದ ನಾವು ಮುಗಿಸಿಬಿಡುವುದುಂಟು. ವಾಸ್ತವವಾಗಿ ಅದು ಹುಟ್ಟಿದ್ದು ಏಷ್ಯಾ ಖಂಡದ ಪಶ್ಚಿಮ ಅಂಚಿನಲ್ಲಿ. ಅದನ್ನು ಬೆಳೆಸಿದ್ದು ಮೂರು ಬೇರೆ ಬೇರೆ ಸಂಸ್ಕೃತಿಗಳು.

ಕ್ಯಾಥೊಲಿಕ್ ದೇವಾಲಯಗಳ ಶಿಲುಬೆಯ ತುದಿಯನ್ನು ಗಮನಿಸಿದರೆ ಅಲ್ಲೊಂದು ಸಣ್ಣ ಫಲಕ ಕಾಣುತ್ತದೆ. ಅದರ ಮೇಲೆ ಸಾಮಾನ್ಯವಾಗಿ ಐ, ಎನ್, ಆರ್, ಐ ಎಂಬ ನಾಲ್ಕು ರೋಮನ್ ಅಕ್ಷರಗಳಿರುತ್ತವೆ. ನಜರೇತಿನ ಯೇಸು ಯೆಹೂದ್ಯರ ಅರಸನೆಂಬ ಅರ್ಥದ ಲ್ಯಾಟಿನ್ ಒಕ್ಕಣೆಯ ಮೊದಲಕ್ಷರಗಳವು. ಮರಣದಂಡನೆ ವಿಧಿಸಿದ ರೋಮನ್ ಅಧಿಕಾರಿ ಪಿಲಾತನು ಈ ಫಲಕವನ್ನು ಹೀಬ್ರೂ, ಲ್ಯಾಟಿನ್ ಮತ್ತು ಗ್ರೀಕ್ ಎಂಬ ಮೂರು ಭಾಷೆಗಳಲ್ಲಿ ಬರೆಯಿಸಿದನೆಂದು ಯೋಹಾನನ ಸುವಾರ್ತೆ ತಿಳಿಸುತ್ತದೆ. ಬ್ಯಾಂಕಿನಲ್ಲಿ ದುಡಿಯುವ ನಮಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ಚೆನ್ನೈನ ರಾಷ್ಟ್ರೀಕೃತ ಬ್ಯಾಂಕಿನ ಫಲಕದಲ್ಲಿ ತಮಿಳು, ಹಿಂದಿ, ಇಂಗ್ಲಿಷ್ ಮೂರೂ ಇರುತ್ತವೆ: ಒಂದು ನೆಲದ ಭಾಷೆ, ಒಂದು ಸರ್ಕಾರದ ಭಾಷೆ, ಇನ್ನೊಂದು ವ್ಯವಹಾರದ ಭಾಷೆ. ಅಂದಿನ ಜೆರುಸಲೇಮಿನ ಸ್ಥಿತಿಯೂ ಹೆಚ್ಚುಕಡಿಮೆ ಹೀಗೆಯೇ ಇತ್ತು.

ಯೆಹೂದ್ಯರ ಬೇರು

ಯೇಸು ಯೆಹೂದ್ಯನಾಗಿ ಹುಟ್ಟಿ ಯೆಹೂದ್ಯನಾಗಿಯೇ ಬಾಳಿದವನು. ಅವನ ತಾಯಿ ಮರಿಯಳೂ ಶಿಷ್ಯರೂ ಯೆಹೂದ್ಯರೇ. ಅವರ ಆಡುಮಾತು ಹೀಬ್ರೂವಿಗೆ ಸೋದರ ಭಾಷೆಯಾದ ಅರಮಾಯಿಕ್. ಏಕದೇವೋಪಾಸನೆ, ವಾರಕ್ಕೊಂದು ವಿಶ್ರಾಂತಿಯ ದಿನ, ಧರ್ಮಗ್ರಂಥವನ್ನು ಸಭೆಯಲ್ಲಿ ಓದಿ ವಿವರಿಸುವ ಪದ್ಧತಿ, ಕೀರ್ತನೆಗಳ ಗಾಯನ, ಲೋಕೋದ್ಧಾರಕನೊಬ್ಬ ಬರುವನೆಂಬ ನಿರೀಕ್ಷೆ, ಇವೆಲ್ಲವೂ ಕ್ರೈಸ್ತರಿಗೆ ಯೆಹೂದ್ಯ ಪರಂಪರೆಯಿಂದ ಬಂದವು. ಈಸ್ಟರ್ ಹಬ್ಬವನ್ನು ನಮ್ಮ ಕನ್ನಡ ಕ್ಯಾಥೊಲಿಕರು 'ಪಾಸ್ಕ' ಎನ್ನುತ್ತಾರೆ. ಈಜಿಪ್ಟಿನ ದಾಸ್ಯದಿಂದ ಬಿಡುಗಡೆಯಾದುದನ್ನು ನೆನೆಯುವ ಯೆಹೂದ್ಯರ 'ಪೆಸಾಖ್' ಹಬ್ಬವೇ ಈ ಹೆಸರಿನ ಮೂಲ.

ಗ್ರೀಕರ ನುಡಿ

ಕ್ರಿ.ಪೂ. 332ರಲ್ಲಿ ಅಲೆಕ್ಸಾಂಡರನು ಆ ಪ್ರಾಂತವನ್ನು ಗೆದ್ದ ಮೇಲೆ ಗ್ರೀಕ್ ಭಾಷೆ ಪೂರ್ವ ಮೆಡಿಟರೇನಿಯನ್ ಪ್ರದೇಶದ ಸಂಪರ್ಕ ಭಾಷೆಯಾಯಿತು. ಈಜಿಪ್ಟಿನ ಅಲೆಕ್ಸಾಂಡ್ರಿಯ ನಗರದಲ್ಲಿ ಸಾವಿರಾರು ಯೆಹೂದ್ಯರು ವ್ಯಾಪಾರ, ಉದ್ಯೋಗಗಳಿಗಾಗಿ ನೆಲೆಸಿದ್ದರು. ತಲೆಮಾರುಗಳು ಕಳೆದಂತೆ ಅವರ ಮಕ್ಕಳಿಗೆ ಹೀಬ್ರೂ ತಪ್ಪಿಹೋಗಿ ಗ್ರೀಕ್ ಮಾತ್ರ ಉಳಿಯಿತು. ಅಂಥವರಿಗಾಗಿ ಕ್ರಿ.ಪೂ. ಮೂರನೆಯ ಶತಮಾನದಲ್ಲಿ ಧರ್ಮಗ್ರಂಥವನ್ನು ಗ್ರೀಕಿಗೆ ಭಾಷಾಂತರಿಸುವ ಕಾರ್ಯ ಆರಂಭವಾಯಿತು. ಎಪ್ಪತ್ತೆರಡು ಮಂದಿ ಹಿರಿಯರು ಇದನ್ನು ಮಾಡಿದರೆಂಬ ಐತಿಹ್ಯದಿಂದ ಆ ಭಾಷಾಂತರಕ್ಕೆ 'ಎಪ್ಪತ್ತು' ಎಂಬ ಅರ್ಥದ 'ಸೆಪ್ಟುವಜಿಂಟ್' ಎಂಬ ಹೆಸರು ಬಂದಿತು. ಆದಿ ಕ್ರೈಸ್ತರಲ್ಲಿ ಬಹುಮಂದಿ ಓದಿದ್ದು ಇದನ್ನೇ. ಹೊಸ ಒಡಂಬಡಿಕೆಯ ಗ್ರಂಥಗಳೆಲ್ಲ ರಚಿತವಾದುದೂ ಜನಸಾಮಾನ್ಯರ ಗ್ರೀಕಿನಲ್ಲಿ.

ಭಾಷೆಯೊಡನೆ ವಿಚಾರವೂ ಬಂದಿತು. ಜಗತ್ತನ್ನು ನಡೆಸುವ ವಿವೇಕತತ್ತ್ವವನ್ನು ಗ್ರೀಕ್ ದಾರ್ಶನಿಕರು 'ಲೋಗೋಸ್' ಎಂದು ಕರೆದಿದ್ದರು. ಯೇಸುವಿನ ಸಮಕಾಲೀನನಾದ ಅಲೆಕ್ಸಾಂಡ್ರಿಯದ ಯೆಹೂದ್ಯ ಚಿಂತಕ ಫಿಲೋ ಈ ಪದದ ಮೂಲಕ ತನ್ನ ಧರ್ಮವನ್ನು ಗ್ರೀಕರಿಗೆ ವಿವರಿಸಿದನು. ಯೋಹಾನನ ಸುವಾರ್ತೆ ಆರಂಭವಾಗುವುದೂ ಇದೇ ಪದದಿಂದ. ಕನ್ನಡ ಸತ್ಯವೇದದಲ್ಲಿ ಇದು 'ವಾಕ್ಯ' ಎಂದಾಗಿದೆ.

ರೋಮನರ ವ್ಯವಸ್ಥೆ

ರೋಮನರು ಒದಗಿಸಿದ್ದು ರಸ್ತೆ, ಬಂದರು, ಕಾನೂನು ಮತ್ತು ಸಂಚಾರದ ಭದ್ರತೆ. ತಾರ್ಸದ ಪೌಲನಲ್ಲಿ ಈ ಮೂರು ಲೋಕಗಳೂ ಕೂಡಿದ್ದವು. ಹುಟ್ಟಿನಿಂದ ಯೆಹೂದ್ಯ, ಬರೆದದ್ದು ಗ್ರೀಕಿನಲ್ಲಿ, ಪೌರತ್ವ ರೋಮಿನದು. ಯೆಹೂದ್ಯರಲ್ಲದವರು ಕ್ರೈಸ್ತರಾಗಬೇಕಾದರೆ ಮೊದಲು ಸುನ್ನತಿ ಮಾಡಿಸಿಕೊಂಡು ಯೆಹೂದ್ಯರಾಗಬೇಕೆ ಎಂಬ ವಾದ ಕ್ರಿ.ಶ. 49ರ ಸುಮಾರಿಗೆ ಜೆರುಸಲೇಮಿನಲ್ಲಿ ನಡೆಯಿತು. ಬೇಕಾಗಿಲ್ಲ ಎಂಬ ಪೌಲನ ಪಕ್ಷವೇ ಗೆದ್ದಿತು. ಒಂದು ಜನಾಂಗದೊಳಗಿನ ಪಂಥವು ಎಲ್ಲ ಜನಾಂಗಗಳ ಧರ್ಮವಾಗಲು ದಾರಿ ತೆರೆದದ್ದು ಈ ತೀರ್ಮಾನ.

ಆದರೆ ಅದೇ ರೋಮ್ ಹಿಂಸೆಯನ್ನೂ ನೀಡಿತು. ಶಿಲುಬೆಯೆಂಬುದೇ ಗುಲಾಮರಿಗೂ ಬಂಡಾಯಗಾರರಿಗೂ ರೋಮ್ ವಿಧಿಸುತ್ತಿದ್ದ ಅವಮಾನಕರ ಶಿಕ್ಷೆ. ಕ್ರಿ.ಶ. 64ರಲ್ಲಿ ರೋಮ್ ನಗರಕ್ಕೆ ಬೆಂಕಿ ಬಿದ್ದಾಗ ಚಕ್ರವರ್ತಿ ನೀರೋ ಆ ಅಪವಾದವನ್ನು ಕ್ರೈಸ್ತರ ಮೇಲೆ ಹೊರಿಸಿದನು. ಕ್ರಿ.ಶ. 70ರಲ್ಲಿ ರೋಮನ್ ಸೇನೆ ಜೆರುಸಲೇಮಿನ ದೇವಾಲಯವನ್ನು ನಾಶಮಾಡಿತು. 313ರಲ್ಲಿ ಕಾನ್‌ಸ್ಟಂಟೈನನ ಕಾಲದಲ್ಲಿ ಕ್ರೈಸ್ತರಿಗೆ ಸ್ವಾತಂತ್ರ್ಯ ದೊರೆಯಿತು. 380ರಲ್ಲಿ ಅದು ರಾಜಧರ್ಮವಾಯಿತು. ಬಿಷಪ್ಪರ ಆಡಳಿತ ವ್ಯಾಪ್ತಿಗೆ ಇಂದಿಗೂ ಇರುವ 'ಡಯಾಸಿಸ್' ಎಂಬ ಹೆಸರು ರೋಮನ್ ಸಾಮ್ರಾಜ್ಯದ ಆಡಳಿತ ವಿಭಾಗದ ಹೆಸರೇ ಆಗಿದೆ.

ನಮ್ಮ ನುಡಿಯಲ್ಲಿ

ಈ ಮೂರು ಲೋಕಗಳ ಗುರುತನ್ನು ಕನ್ನಡದಲ್ಲಿಯೇ ಕಾಣಬಹುದು. ಹೀಬ್ರೂವಿನ 'ಯೇಶುವ' ಗ್ರೀಕಿನಲ್ಲಿ 'ಯೇಸೂಸ್' ಆಗಿ ನಮ್ಮಲ್ಲಿ 'ಯೇಸು' ಎಂದಾಯಿತು. 'ಕ್ರಿಸ್ತ' ಎಂಬುದು ಹೆಸರಲ್ಲ, ಬಿರುದು. ಅಭಿಷಿಕ್ತನೆಂಬ ಅರ್ಥದ ಹೀಬ್ರೂ ಪದದ ಗ್ರೀಕ್ ಅನುವಾದ. 'ಶಿಲುಬೆ' ಮತ್ತು ತಮಿಳಿನ 'ಸಿಲುವೈ' ಪದಗಳ ಮೂಲ ಅರಮಾಯಿಕಿನ ಒಂದು ರೂಪವಾದ ಸಿರಿಯಾಕ್. ಗ್ರೀಕ್ ನಗರಗಳ ಪೌರಸಭೆಗೆ 'ಎಕ್ಲೇಸಿಯಾ' ಎಂಬ ಹೆಸರಿತ್ತು. ಅದು ಲ್ಯಾಟಿನ್, ಪೋರ್ಚುಗೀಸ್‌ಗಳನ್ನು ದಾಟಿ ಮಂಗಳೂರಿನ ಕಡೆ 'ಇಗರ್ಜಿ' ಆಯಿತು. ಕನ್ನಡ ಪ್ರೊಟೆಸ್ಟೆಂಟರು ಅದನ್ನೇ 'ಸಭೆ' ಎಂದು ನೇರವಾಗಿ ಅನುವಾದಿಸಿಕೊಂಡರು. ನಮ್ಮ ಸಾಂಥೋಮ್ ಬಡಾವಣೆಗೆ ಹೆಸರು ಕೊಟ್ಟ ತೋಮನ ಹೆಸರು ಅರಮಾಯಿಕಿನಲ್ಲಿ 'ಅವಳಿ' ಎಂಬ ಅರ್ಥದ್ದು. ಸುವಾರ್ತೆಯು ಅದೇ ಅರ್ಥದ 'ದಿದುಮ' ಎಂಬ ಗ್ರೀಕ್ ಹೆಸರನ್ನೂ ಅವನಿಗೆ ಕೊಟ್ಟಿದೆ. ಮಂಜೇಶ್ವರದ ಗೋವಿಂದ ಪೈಗಳಿಗೆ 1949ರಲ್ಲಿ ರಾಷ್ಟ್ರಕವಿ ಬಿರುದನ್ನಿತ್ತದ್ದು ಅಂದಿನ ಮದರಾಸು ಸರ್ಕಾರ. ಯೇಸುವಿನ ಅಂತಿಮ ದಿನವನ್ನು ಕುರಿತ ಅವರ ಖಂಡಕಾವ್ಯದ ಹೆಸರು 'ಗೊಲ್ಗೊಥಾ'; ಅದು ತಲೆಬುರುಡೆಯೆಂಬ ಅರ್ಥದ ಅರಮಾಯಿಕ್ ಪದ.

ಮರೆತದ್ದರ ಬೆಲೆ

ಇದೆಲ್ಲ ಕೇವಲ ಪದಗಳ ಕುತೂಹಲವಲ್ಲ. ಫಲಕದ ಮೇಲಿನ ಮೊದಲ ಭಾಷೆಯನ್ನು ಯುರೋಪಿನ ಕ್ರೈಸ್ತ ಸಮಾಜ ಕಾಲಕ್ರಮದಲ್ಲಿ ಮರೆಯಿತು. ಯೇಸುವನ್ನು ಶಿಲುಬೆಗೇರಿಸಿದ್ದು ರೋಮನ್ ಆಡಳಿತವಾದರೂ ಅಪರಾಧವನ್ನು ಇಡೀ ಯೆಹೂದ್ಯ ಕುಲದ ಮೇಲೆ ಹೊರಿಸಲಾಯಿತು. ಶತಮಾನಗಳ ಕಾಲ ಹಿಂಸೆ, ಗಡಿಪಾರುಗಳು ನಡೆದವು. ಹದಿನೇಳು, ಹದಿನೆಂಟನೆಯ ಶತಮಾನಗಳಲ್ಲಿ ಮದರಾಸಿನಲ್ಲಿ ಹವಳ, ವಜ್ರಗಳ ವ್ಯಾಪಾರ ನಡೆಸಿದ ಯೆಹೂದ್ಯರಲ್ಲಿ ಪೋರ್ಚುಗೀಸ್ ಮೂಲದವರೂ ಇದ್ದರು. ಅವರ ಪೂರ್ವಿಕರು ಇಂಥ ಹಿಂಸೆಯನ್ನು ಉಂಡವರೇ. ಜಾರ್ಜ್ ಟೌನಿನ ಕೋರಲ್ ಮರ್ಚೆಂಟ್ ಬೀದಿ ಈ ವರ್ತಕರ ನೆನಪನ್ನು ಉಳಿಸಿಕೊಂಡಿದೆ. ಈ ದ್ವೇಷ ಬೆಳೆಯುತ್ತಾ ಬಂದ ಯುರೋಪಿನಲ್ಲಿ, ಎರಡನೆಯ ಮಹಾಯುದ್ಧದ ಕಾಲದಲ್ಲಿ ನಾಜಿಗಳು ಸುಮಾರು 60 ಲಕ್ಷ ಯೆಹೂದ್ಯರನ್ನು ಕೊಂದರು. 1965ರಲ್ಲಿ ಎರಡನೆಯ ವ್ಯಾಟಿಕನ್ ಮಹಾಸಭೆಯು ಯೇಸುವಿನ ಮರಣದ ದೋಷವನ್ನು ಯೆಹೂದ್ಯ ಜನಾಂಗದ ಮೇಲೆ ಹೊರಿಸಬಾರದೆಂದು ಘೋಷಿಸಿತು.

ಹೊರನಾಡಿನಲ್ಲಿರುವ ನಾವು ಇಲ್ಲಿ ಇನ್ನೊಂದು ಮಾತನ್ನೂ ಗಮನಿಸಬೇಕು. ಅಲೆಕ್ಸಾಂಡ್ರಿಯದ ಯೆಹೂದ್ಯರು ಮಕ್ಕಳಿಗೆ ಭಾಷೆ ಬರಲಿಲ್ಲವೆಂದು ಗ್ರಂಥವನ್ನು ಕಟ್ಟಿಡಲಿಲ್ಲ. ಮಕ್ಕಳಿಗೆ ತಿಳಿಯುವ ಭಾಷೆಗೆ ಅದನ್ನು ತಂದುಕೊಂಡರು. ನಮ್ಮ ಮನೆಗಳಲ್ಲಿ ಕನ್ನಡ ಓದಲಾರದ ಮಕ್ಕಳಿಗೆ ವಚನ, ದಾಸಸಾಹಿತ್ಯಗಳ ಅರ್ಥವನ್ನು ತಮಿಳಿನಲ್ಲೋ ಇಂಗ್ಲಿಷಿನಲ್ಲೋ ಹೇಳಿಕೊಡುವುದು ಕೀಳಲ್ಲ. ಆದರೆ ಮೂಲ ಯಾವುದೆಂಬುದನ್ನು ಜೊತೆಯಲ್ಲಿಯೇ ತಿಳಿಸಬೇಕು. ಓದುಗರು ಮುಂದೆ ಸಾಂಥೋಮಿಗೋ ಲೊಯೋಲಾ ಆವರಣಕ್ಕೋ ಹೋದಾಗ ಶಿಲುಬೆಯ ತುದಿಯ ಆ ಸಣ್ಣ ಫಲಕವನ್ನು ಮಕ್ಕಳಿಗೆ ತೋರಿಸಿ, ಅದರ ಮೂರು ಭಾಷೆಗಳ ಕಥೆಯನ್ನು ಹೇಳಬೇಕೆಂದು ಕೋರುತ್ತೇವೆ.