ಕಸುಬಿನ ಕೊಟ್ಟಿಗೆಗೆ ಅಗ್ಗದ ಬೆಳಕು

1902ರಲ್ಲಿ ಶಿವನಸಮುದ್ರದಲ್ಲಿ ಉತ್ಪಾದನೆಯಾದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗಳನ್ನು ತಲುಪಿತು. 1905ರಲ್ಲಿ ಬೆಂಗಳೂರಿನಲ್ಲಿ ವಿದ್ಯುದ್ದೀಪಗಳು ಉರಿದವು. ಅಂದಿನಿಂದ ಇಂದಿನವರೆಗೆ ಒಂದು ಶತಮಾನಕ್ಕಿಂತಲೂ ಹೆಚ್ಚು ಕಾಲ ಉರುಳಿದೆ. ಹಳ್ಳಿಹಳ್ಳಿಗೂ ಕಂಬ ಬಂದಿದೆ, ತಂತಿ ಬಂದಿದೆ. ಆದರೆ ಮನೆಯ ಹಿತ್ತಿಲಿನ ಮಾಡಿನ ಕೆಳಗೆ ಕುಳಿತು ದುಡಿಯುವ ಬಡಗಿ, ದರ್ಜಿ, ಅಕ್ಕಸಾಲಿ ಮೊದಲಾದ ಕಸುಬುದಾರರ ಕೈಯ ಮೇಲೆ ಸಾಕಷ್ಟು ಬೆಳಕು ಬಿದ್ದಿದೆಯೇ ಎಂದು ಕೇಳಿದರೆ, ಹೌದೆನ್ನುವುದು ಕಷ್ಟ. ಅಲ್ಲಿ ತೊಲೆಯ ನಡುವೆ ಒಂದೇ ಒಂದು ಬಲ್ಬು ತೂಗಾಡುತ್ತಿರುತ್ತದೆ. ದೀಪದ ಬುಡದಲ್ಲಿ ಕತ್ತಲೆ ಎಂಬ ಗಾದೆಗೆ ಇದಕ್ಕಿಂತ ಉತ್ತಮ ಉದಾಹರಣೆ ಬೇಕಿಲ್ಲ.

ನಾನು ವಿಜ್ಞಾನದ ವಿದ್ಯಾರ್ಥಿಯಲ್ಲ. ಇತಿಹಾಸ ಮತ್ತು ಅರ್ಥಶಾಸ್ತ್ರಗಳನ್ನು ಓದುತ್ತಿರುವವನು. ಹಾಗಿದ್ದೂ ಈ ವಿಷಯವನ್ನು ಬರೆಯಲು ಕಾರಣವಿದೆ. ನಮ್ಮ ತಂದೆಯವರು ಬಡಗಿಗಳು. ಮಲೆನಾಡಿನ ನಮ್ಮ ಊರಿನಲ್ಲಿ ಮನೆಗೆ ತಾಗಿದ ಹೆಂಚಿನ ಕೊಟ್ಟಿಗೆಯೇ ಅವರ ಕಾರ್ಯಾಗಾರ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. ನನ್ನ ಶುಲ್ಕವನ್ನು ಕಟ್ಟಿದ್ದು ಅವರ ಉಳಿ ಮತ್ತು ಹತ್ತರಿ. ಎರಡು ವರ್ಷಗಳ ಕೆಳಗೆ ಅವರು ದಾರಂದದ ಕೆತ್ತನೆಯ ಕೆಲಸವನ್ನು ಒಪ್ಪಿಕೊಳ್ಳುವುದನ್ನೇ ಬಿಟ್ಟರು. “ಗೆರೆ ಸರಿಯಾಗಿ ಕಾಣುವುದಿಲ್ಲ ಮಗಾ, ವಯಸ್ಸಾಯಿತು” ಎಂದರು. ಅವರ ವಯಸ್ಸು ಐವತ್ತೆರಡು. ಕಣ್ಣಿನ ವೈದ್ಯರು ಪರೀಕ್ಷಿಸಿ ಕನ್ನಡಕವನ್ನು ಬದಲಿಸಿಕೊಟ್ಟರು. ಕಣ್ಣಿನಲ್ಲಿ ರೋಗವೇನೂ ಇಲ್ಲ, ಒಳ್ಳೆಯ ಬೆಳಕಿನಲ್ಲಿ ಕೆಲಸಮಾಡಿ ಎಂದರು. ಆ ಒಳ್ಳೆಯ ಬೆಳಕು ಎಂದರೆ ಏನು, ಎಷ್ಟು, ಅದಕ್ಕೆ ತಗಲುವ ವೆಚ್ಚವೇನು ಎಂಬುದನ್ನು ತಿಳಿಯಹೊರಟಾಗ ದೊರೆತ ಸಂಗತಿಗಳೇ ಈ ಲೇಖನ.

ಮೊದಲು ಕಣ್ಣಿನ ವಿಚಾರ. ವಯಸ್ಸು ಏರಿದಂತೆ ಕಣ್ಣಿನ ಪಾಪೆ ಕಿರಿದಾಗುತ್ತದೆ, ಒಳಗಿನ ಮಸೂರ ಹಳದಿಗಟ್ಟುತ್ತದೆ. ಇಪ್ಪತ್ತರ ತರುಣನ ಅಕ್ಷಿಪಟಲವನ್ನು ಮುಟ್ಟುವ ಬೆಳಕಿನಲ್ಲಿ ಸುಮಾರು ಮೂರನೆಯ ಒಂದು ಭಾಗ ಮಾತ್ರವೇ ಅರವತ್ತರ ಹಿರಿಯರ ಅಕ್ಷಿಪಟಲವನ್ನು ಮುಟ್ಟುತ್ತದೆಂದು ತಜ್ಞರು ಹೇಳುತ್ತಾರೆ. ಆದುದರಿಂದ ನಮಗೆ ಸಾಕಾದ ಬೆಳಕು ನಮ್ಮ ಹಿರಿಯರಿಗೆ ಸಾಲದು. ನಾವು “ಚೆನ್ನಾಗಿಯೇ ಕಾಣುತ್ತದಲ್ಲ!” ಎಂದು ಹೇಳಿ ಅವರ ಮಾತನ್ನು ತಳ್ಳಿಹಾಕುವುದು ನ್ಯಾಯವಲ್ಲ.

ಇನ್ನು ಅಳತೆಯ ವಿಚಾರ. ಅಂಗಡಿಯಲ್ಲಿ ನಾವು “ಎಷ್ಟು ವ್ಯಾಟಿನ ಬಲ್ಬು?” ಎಂದು ಕೇಳುವುದು ರೂಢಿ. ವ್ಯಾಟ್ ಎಂಬುದು ದೀಪ ತಿನ್ನುವ ವಿದ್ಯುತ್ತಿನ ಅಳತೆಯೇ ಹೊರತು ಅದು ಕೊಡುವ ಬೆಳಕಿನ ಅಳತೆಯಲ್ಲ. ಕೊಡುವ ಬೆಳಕನ್ನು ಲ್ಯೂಮೆನ್‌ಗಳಲ್ಲಿ ಅಳೆಯುತ್ತಾರೆ. ಈ ಸಂಖ್ಯೆಯನ್ನು ಈಗ ಡಬ್ಬಿಯ ಮೇಲೆಯೇ ಮುದ್ರಿಸಿರುತ್ತಾರೆ. ಹಳೆಯ 60 ವ್ಯಾಟಿನ ತಂತಿಯ ಬಲ್ಬು ಸುಮಾರು 700 ಲ್ಯೂಮೆನ್ ಬೆಳಕು ಕೊಡುತ್ತಿತ್ತು. ಉಳಿದ ಶಕ್ತಿಯೆಲ್ಲ ಬಿಸಿಯಾಗಿ ಹೋಗುತ್ತಿತ್ತು. ಇಂದಿನ 9 ವ್ಯಾಟಿನ ಎಲ್‌ಇಡಿ ಬಲ್ಬು ಸುಮಾರು 900 ಲ್ಯೂಮೆನ್ ಕೊಡುತ್ತದೆ. 20 ವ್ಯಾಟಿನ ಎಲ್‌ಇಡಿ ಟ್ಯೂಬು ಸುಮಾರು 2000 ಲ್ಯೂಮೆನ್ ಕೊಡುತ್ತದೆ. ನೀಲಿ ಬೆಳಕು ಬೀರುವ ಎಲ್‌ಇಡಿಯನ್ನು ಸಾಧಿಸಿದ್ದಕ್ಕಾಗಿ ಅಕಾಸಾಕಿ, ಅಮಾನೊ ಮತ್ತು ನಾಕಾಮುರ ಎಂಬ ಮೂವರು ವಿಜ್ಞಾನಿಗಳಿಗೆ 2014ರಲ್ಲಿ ಭೌತಶಾಸ್ತ್ರದ ನೊಬೆಲ್ ಪಾರಿತೋಷಕ ದೊರೆಯಿತು. ಆ ನೀಲಿ ಬೆಳಕಿನ ಮೇಲೆ ಹಳದಿ ಬೆಳಕು ಸೂಸುವ ಲೇಪವನ್ನು ಹಚ್ಚಿಯೇ ಬಿಳಿ ಬೆಳಕನ್ನು ಪಡೆಯುವುದು. ಬಡವನ ಕೊಟ್ಟಿಗೆಗೆ ಬೆಳಕು ಅಗ್ಗವಾದುದು ಈ ಸಾಧನೆಯಿಂದ.

ದೀಪದಿಂದ ಹೊರಟ ಬೆಳಕು ಕೆಲಸದ ಜಾಗದ ಮೇಲೆ ಎಷ್ಟು ಬಿದ್ದಿತೆಂಬುದಕ್ಕೆ ಲಕ್ಸ್ ಎಂಬ ಅಳತೆಯಿದೆ. ಒಂದು ಚದರ ಮೀಟರಿನ ಮೇಲೆ ಒಂದು ಲ್ಯೂಮೆನ್ ಬಿದ್ದರೆ ಅದು ಒಂದು ಲಕ್ಸ್. ನಡುಹಗಲಿನ ಬಿಸಿಲು ಸುಮಾರು ಒಂದು ಲಕ್ಷ ಲಕ್ಸ್; ಹುಣ್ಣಿಮೆಯ ಬೆಳದಿಂಗಳು ಒಂದು ಲಕ್ಸಿಗೂ ಕಡಿಮೆ. ಬಡಗಿಯ ಸಾಮಾನ್ಯ ಕೆಲಸಕ್ಕೆ 300 ಲಕ್ಸ್, ನಯದ ಕೆಲಸಕ್ಕೆ 500 ಲಕ್ಸ್ ಇರಬೇಕೆಂದು ಇಟ್ಟುಕೊಳ್ಳಬಹುದು.

ನಮ್ಮ ಕೊಟ್ಟಿಗೆಯ ಉದ್ದ 12 ಅಡಿ, ಅಗಲ 10 ಅಡಿ. ಎಂದರೆ ಸುಮಾರು 11 ಚದರ ಮೀಟರು. ದೀಪದ ಬೆಳಕಿನಲ್ಲಿ ಅರ್ಧದಷ್ಟು ಗೋಡೆ ಮಾಡುಗಳ ಪಾಲಾಗುತ್ತದೆಂದು ಹಿಡಿದರೆ, 700 ಲ್ಯೂಮೆನ್‌ನ ಹಳೆಯ ಬಲ್ಬಿನಿಂದ ನಮ್ಮ ತಂದೆಯವರಿಗೆ ದೊರೆಯುತ್ತಿದ್ದುದು ಸುಮಾರು 32 ಲಕ್ಸ್. ಬೇಕಾದ ಬೆಳಕಿನ ಹತ್ತನೆಯ ಒಂದು ಪಾಲು! ಇಷ್ಟರಲ್ಲಿ ಅವರು ಇಪ್ಪತ್ತು ವರ್ಷ ಗೆರೆ ಎಳೆದು ಗರಗಸ ಹಿಡಿದಿದ್ದರು. ವಯಸ್ಸಾಯಿತೆಂದು ಅವರು ಹೇಳಿದುದರಲ್ಲಿ ಅರ್ಧ ಭಾಗ ಬಲ್ಬಿನ ತಪ್ಪು.

ಹಣ ಖರ್ಚುಮಾಡುವ ಮೊದಲು ಬಿಡಿಗಾಸೂ ಇಲ್ಲದೆ, ಅಥವಾ ಅತ್ಯಲ್ಪ ವೆಚ್ಚದಲ್ಲಿ ಮಾಡಬಹುದಾದ ಮೂರು ಉಪಾಯಗಳನ್ನು ಹೇಳುತ್ತೇನೆ.

ಒಂದನೆಯದು ಸುಣ್ಣ. ಬಿಳಿಯ ಗೋಡೆ ತನ್ನ ಮೇಲೆ ಬಿದ್ದ ಬೆಳಕಿನ ಬಹುಪಾಲನ್ನು ಹಿಂದಕ್ಕೆ ಕೊಡುತ್ತದೆ. ಹೊಗೆ ಹಿಡಿದ ಗೋಡೆ ಅದನ್ನು ನುಂಗಿಬಿಡುತ್ತದೆ. ಒಮ್ಮೆ ಸುಣ್ಣ ಬಳಿದರೆ ದೀಪ ಹೆಚ್ಚಿಸದೆಯೇ ಕೊಟ್ಟಿಗೆ ಬೆಳಗುತ್ತದೆ, ನೆರಳಿನ ಕಪ್ಪೂ ತಿಳಿಯಾಗುತ್ತದೆ.

ಎರಡನೆಯದು ಗಾಜಿನ ಹೆಂಚು. 1865ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದಂದಿನಿಂದ ನಮ್ಮ ಕಡೆಯ ಮನೆಗಳಿಗೆ ಆ ಹೆಂಚೇ ಮಾಡು. ಅದೇ ಅಳತೆಯ ಗಾಜಿನ ಹೆಂಚನ್ನು ಅಡುಗೆಮನೆಗೆ ಹಾಕಿಸುವ ನಾವು ಕೊಟ್ಟಿಗೆಯನ್ನು ಮರೆಯುತ್ತೇವೆ. ಎರಡು ಹೆಂಚು ತೆಗೆದು ಎರಡು ಗಾಜಿನವನ್ನು ಕೂರಿಸಿದರೆ ಹಗಲಿನ ಬೆಳಕು ಪುಕ್ಕಟೆ. ಕೆಲಸದ ಬೆಂಚಿನ ಮೇಲೆ ನೇರ ಬಿಸಿಲಿನ ಪಟ್ಟೆ ಬೀಳದಂತೆ ಉತ್ತರದ ಇಳಿಜಾರಿನಲ್ಲಿ ಕೂರಿಸುವುದು ಮೇಲು. ಆಷಾಢದ ಮೋಡದಲ್ಲಿ ನಡುಹಗಲೇ ಮಬ್ಬುಗವಿಯುವ ನಮ್ಮ ಸೀಮೆಯಲ್ಲಿ ಇದರ ಬೆಲೆ ಹೆಚ್ಚು.

ಮೂರನೆಯದು ದೀಪದ ಎತ್ತರ. ಬಲ್ಬಿನಿಂದ ದೂರ ಎರಡರಷ್ಟಾದರೆ ಬೆಳಕು ನಾಲ್ಕನೆಯ ಒಂದು ಪಾಲಿಗೆ ಇಳಿಯುತ್ತದೆ. ಬೆಂಚಿನಿಂದ ಆರಡಿ ಮೇಲಿದ್ದ ಬಲ್ಬನ್ನು ಮೂರಡಿಗೆ ಇಳಿಸಿದರೆ, ಅದೇ ಬಲ್ಬು ತನ್ನ ಕೆಳಗಿನ ಜಾಗಕ್ಕೆ ನಾಲ್ಕು ಪಟ್ಟು ಬೆಳಕು ಕೊಡುತ್ತದೆ. ಕಣ್ಣಿಗೆ ನೇರವಾಗಿ ಕುಕ್ಕದಂತೆ ಮೇಲೊಂದು ತಗಡಿನ ಮುಚ್ಚಳವಿದ್ದರೆ ಸಾಕು.

ಇಷ್ಟಾದ ಮೇಲೆ ದೀಪಗಳ ಸರದಿ. 11 ಚದರ ಮೀಟರಿಗೆ 300 ಲಕ್ಸ್ ಬೇಕಾದರೆ 3300 ಲ್ಯೂಮೆನ್ ಕೆಳಗೆ ಬೀಳಬೇಕು. ಅರ್ಧ ನಷ್ಟವೆಂದು ಲೆಕ್ಕಹಾಕಿದರೆ ದೀಪಗಳಿಂದ 6600 ಲ್ಯೂಮೆನ್ ಹೊರಡಬೇಕು. ನಾವು 20 ವ್ಯಾಟಿನ ಮೂರು ಟ್ಯೂಬುಗಳನ್ನೂ, ಬೆಂಚಿಗಾಗಿಯೇ 9 ವ್ಯಾಟಿನ ಒಂದು ಬಲ್ಬನ್ನೂ ಹಾಕಿದೆವು. ಒಟ್ಟು 6900 ಲ್ಯೂಮೆನ್. ಇಷ್ಟೇ ಬೆಳಕನ್ನು ಹಳೆಯ ಬಲ್ಬುಗಳಿಂದ ಪಡೆಯಲು 60 ವ್ಯಾಟಿನ ಹತ್ತು ಬಲ್ಬು ಬೇಕಾಗುತ್ತಿತ್ತು. ದಿನಕ್ಕೆ ನಾಲ್ಕು ಗಂಟೆ ಉರಿಸಿದರೆ ಹಳೆಯ ರೀತಿಗೆ ತಿಂಗಳಿಗೆ 72 ಯೂನಿಟ್. ಹೊಸ ರೀತಿಗೆ ಎಂಟೂವರೆ ಯೂನಿಟ್ಟಿಗೂ ಕಡಿಮೆ. ಒಟ್ಟು ವೆಚ್ಚವನ್ನೂ ಬರೆಯುತ್ತೇನೆ: ಟ್ಯೂಬುಗಳಿಗೆ 750 ರೂಪಾಯಿ, ಬಲ್ಬಿಗೆ 100, ತಂತಿ ಸ್ವಿಚ್ಚುಗಳಿಗೆ 700, ಗಾಜಿನ ಹೆಂಚಿಗೆ 300, ಸುಣ್ಣಕ್ಕೆ 150, ವಿದ್ಯುತ್ ಕೆಲಸದವರ ಕೂಲಿ 500, ಒಟ್ಟು 2500 ರೂಪಾಯಿ. ಬೇರೆ ಊರಿನಲ್ಲಿ ದರ ಸ್ವಲ್ಪ ಹೆಚ್ಚುಕಡಿಮೆ ಇರಬಹುದು.

ದೀಪಗಳ ಸಂಖ್ಯೆಗಿಂತಲೂ ಅವುಗಳ ಸ್ಥಾನ ಮುಖ್ಯ. ಕೊಟ್ಟಿಗೆಯ ನಡುವೆ ದೀಪವಿದ್ದು ಬೆಂಚು ಗೋಡೆಗೆ ತಾಗಿದ್ದರೆ, ಕೆಲಸಗಾರನ ಬೆನ್ನಿಗೆ ಬೆಳಕು, ಕೈಗೆ ಅವನದೇ ನೆರಳು. ಆದುದರಿಂದ ಒಂದು ಟ್ಯೂಬು ಬೆಂಚಿನ ಉದ್ದಕ್ಕೆ, ಕೆಲಸಗಾರನ ತಲೆಗಿಂತ ಸ್ವಲ್ಪ ಮುಂದೆ ಇರಬೇಕು. ಉಳಿದ ಎರಡು ಅಕ್ಕಪಕ್ಕದಿಂದ ಬಂದರೆ ಒಂದರ ನೆರಳನ್ನು ಇನ್ನೊಂದು ಅಳಿಸುತ್ತದೆ. ಬಲಗೈಯವರಿಗೆ ಬೆಂಚಿನ ಬಲ್ಬು ಎಡಗಡೆ ಇರುವುದು ಲೇಸು. ನಮ್ಮ ತಂದೆಯವರು ಅದಕ್ಕಾಗಿ ಹಲಸಿನ ಮರದ ತುಂಡುಗಳಲ್ಲಿ ಮಡಚುವ ತೋಳೊಂದನ್ನು ತಾವೇ ಮಾಡಿಕೊಂಡರು. ಹತ್ತರಿ ಹಿಡಿದು ನಯಮಾಡಿದ ಹಲಗೆಯನ್ನು ಪರೀಕ್ಷಿಸುವಾಗ ಆ ತೋಳನ್ನು ಹಲಗೆಯ ಮಟ್ಟಕ್ಕೆ ಇಳಿಸುತ್ತಾರೆ. ಓರೆಯಾಗಿ ಬಿದ್ದ ಬೆಳಕಿನಲ್ಲಿ ಬೆರಳಿಗೂ ಸಿಗದ ಉಬ್ಬುತಗ್ಗುಗಳು ಉದ್ದುದ್ದ ನೆರಳು ಚಾಚಿ ತಾವಾಗಿಯೇ ಕಾಣಿಸಿಕೊಳ್ಳುತ್ತವೆ.

ಬಣ್ಣದ ಮಾತು ಸ್ವಲ್ಪ. ಡಬ್ಬಿಯ ಮೇಲೆ 3000 ಕೆ ಎಂದಿದ್ದರೆ ಹಳದಿ ಬೆಳಕು, 6500 ಕೆ ಎಂದಿದ್ದರೆ ನೀಲಿಯ ಕಡೆಗೆ ವಾಲಿದ ಬಿಳಿ, 4000 ಕೆ ನಡುವಿನದು. ಇದಲ್ಲದೆ ಬಣ್ಣವನ್ನು ಎಷ್ಟು ನಿಜವಾಗಿ ತೋರಿಸುತ್ತದೆಂಬುದಕ್ಕೆ ಸಿಆರ್‌ಐ ಎಂಬ ಅಂಕವಿದೆ. ಅದು 80ಕ್ಕೆ ಕಡಿಮೆಯಿರಬಾರದು. ಎಷ್ಟೇ ಒಳ್ಳೆಯ ದೀಪವಿರಲಿ, ಪಾಲಿಶ್ ಹೊಂದಿಸುವ ಕೆಲಸವನ್ನು ಹಗಲಿಗೆ ಇಟ್ಟುಕೊಳ್ಳುವುದೇ ಜಾಣತನ.

ಕೊನೆಯದಾಗಿ ಅಪಾಯದ ವಿಚಾರ. ನಮ್ಮ ವಿದ್ಯುತ್ ಪ್ರವಾಹ ಸೆಕೆಂಡಿಗೆ 50 ಸಲ ಆವರ್ತಿಸುವುದರಿಂದ ಚೋಕಿನ ಹಳೆಯ ಟ್ಯೂಬುಗಳೂ ಕೀಳುದರ್ಜೆಯ ಎಲ್‌ಇಡಿಗಳೂ ಸೆಕೆಂಡಿಗೆ 100 ಸಲ ಮಿನುಗುತ್ತವೆ. ಕಣ್ಣಿಗೆ ಇದು ತಿಳಿಯದು. ಆದರೆ ಆ ಬೆಳಕಿನಲ್ಲಿ ತಿರುಗುವ ಗರಗಸದ ಚಕ್ರ ನಿಂತಂತೆಯೋ ಮೆಲ್ಲಗೆ ತಿರುಗುವಂತೆಯೋ ತೋರಬಹುದು. ಅದನ್ನು ನಂಬಿ ಕೈಯಿಟ್ಟವನ ಬೆರಳಿನ ಗತಿಯನ್ನು ಹೇಳಬೇಕಾಗಿಲ್ಲ. ಪರೀಕ್ಷೆ ಸುಲಭ: ದೀಪದ ಮುಂದೆ ಪೆನ್ಸಿಲನ್ನು ಬೇಗಬೇಗನೆ ಆಡಿಸಿರಿ. ಒಂದೇ ಮಸುಕಾದ ಬೀಸಣಿಗೆಯಂತೆ ಕಂಡರೆ ದೀಪ ಒಳ್ಳೆಯದು. ಬಿಡಿಬಿಡಿಯಾಗಿ ಹಲವು ಪೆನ್ಸಿಲುಗಳು ಕಂಡರೆ ಯಂತ್ರದ ಬಳಿ ಆ ದೀಪ ಬೇಡ. ಭಾರತೀಯ ಮಾನಕ ಬ್ಯೂರೋದ ಗುರುತಿಲ್ಲದ ದೀಪವನ್ನು ಹತ್ತು ರೂಪಾಯಿ ಉಳಿಯುತ್ತದೆಂದು ಕೊಳ್ಳಬಾರದು. ದೀಪಕ್ಕೂ ಯಂತ್ರಕ್ಕೂ ಬೇರೆಬೇರೆ ಫ್ಯೂಸು ಇರಲಿ. ಯಂತ್ರ ಫ್ಯೂಸನ್ನು ಕೆಡಿಸಿದಾಗ, ಚಕ್ರ ಇನ್ನೂ ತಿರುಗುತ್ತಿರುವಾಗಲೇ ಕತ್ತಲೆ ಕವಿಯಬಾರದು. ಮರದ ಹುಡಿ ಬೆಂಕಿಗೆ ಸುಲಭದ ತುತ್ತು. ವಾರಕ್ಕೊಮ್ಮೆ ಸ್ವಿಚ್ಚು ಆರಿಸಿ ದೀಪಗಳ ಮೇಲಿನ ಹುಡಿಯನ್ನು ಒಣ ಬಟ್ಟೆಯಿಂದ ಒರೆಸಬೇಕು. ತಂತಿ ಎಳೆಯುವ ಕೆಲಸವನ್ನು ಮಾತ್ರ ಪರವಾನಗಿ ಪಡೆದವರಿಂದಲೇ ಮಾಡಿಸಬೇಕು. ಭೂಸಂಪರ್ಕವನ್ನೂ, ವಿದ್ಯುತ್ ಸೋರಿದೊಡನೆ ಪ್ರವಾಹವನ್ನು ಕಡಿಯುವ ಸಾಧನವನ್ನೂ ಬಿಡಬಾರದು. ನಮ್ಮ ಮನೆಗೆ ಆ ಸಾಧನ ಮೊದಲೇ ಇದ್ದುದರಿಂದ ಮೇಲಿನ ಲೆಕ್ಕದಲ್ಲಿ ಅದು ಸೇರಿಲ್ಲ. ಇಲ್ಲದವರು ಅದಕ್ಕೆ ಬೇರೆ ಹಣ ತೆಗೆದಿಡಬೇಕು.

ಈ ವರ್ಷ ನಮ್ಮ ತಂದೆಯವರು ಒಂದು ದಾರಂದದ ಕೆತ್ತನೆಯನ್ನು ಒಪ್ಪಿಕೊಂಡಿದ್ದಾರೆ. ಅದರ ಮುಂಗಡದಲ್ಲಿಯೇ ಬೆಳಕಿನ ಖರ್ಚು ತೀರಿದೆ. ಅವರ ಕಣ್ಣು ಇಪ್ಪತ್ತರ ಕಣ್ಣಾಗಿಲ್ಲ, ಆಗುವುದೂ ಇಲ್ಲ. ಆದರೆ ಕೈಯಲ್ಲಿದ್ದ ವಿದ್ಯೆ ಕತ್ತಲೆಯ ಕಾರಣದಿಂದ ಕಾಲಕ್ಕೆ ಮೊದಲೇ ನಿಂತುಹೋಗುವುದು ತಪ್ಪಿತು.

ನಮ್ಮ ಕಾಲೇಜಿನಲ್ಲಿ ದರ್ಜಿಗಳ, ನೇಕಾರರ, ಕಮ್ಮಾರರ, ಬೀಡಿ ಕಟ್ಟುವ ತಾಯಂದಿರ ಮಕ್ಕಳು ಬಹಳ ಮಂದಿ ಇದ್ದೇವೆ. ನಮ್ಮನ್ನು ಓದಿಸುವವರು ಮಬ್ಬಿನಲ್ಲಿ ದುಡಿಯುತ್ತಿದ್ದಾರೆ. ನಾವು ಓದುವ ಗ್ರಂಥಾಲಯದಲ್ಲಿ ಸಾಲುಸಾಲಾಗಿ ದೀಪಗಳಿವೆ. ಈ ಬೇಸಗೆಯ ರಜೆಯಲ್ಲಿ ಪ್ರತಿಯೊಬ್ಬರೂ ತಮ್ಮ ಮನೆಯ ಕಸುಬಿನ ಜಾಗದಲ್ಲಿ, ಹಿರಿಯರು ಕೂರುವ ಸ್ಥಳದಲ್ಲಿಯೇ ಸ್ವಲ್ಪ ಹೊತ್ತು ಕುಳಿತು, ಬೆಳಕು ಎತ್ತಲಿಂದ ಬರುತ್ತದೆ, ನೆರಳು ಎಲ್ಲಿ ಬೀಳುತ್ತದೆ ಎಂದು ನೋಡಬೇಕೆಂದು ಕೋರುತ್ತೇನೆ. ಉಳಿದ ಲೆಕ್ಕವನ್ನು ಒಂದು ಹಾಳೆ ಮತ್ತು ಒಂದು ಪೆನ್ಸಿಲಿನಿಂದ ಯಾರು ಬೇಕಾದರೂ ಮಾಡಬಹುದು.