ಮುಚ್ಚದ ಎಡಗಣ್ಣು

ಕ್ಯಾಮೆರಾವನ್ನು ಕಣ್ಣಿಗೆ ಹಿಡಿದ ಕೂಡಲೇ ಇನ್ನೊಂದು ಕಣ್ಣು ತಾನಾಗಿ ಮುಚ್ಚಿಕೊಳ್ಳುತ್ತದೆ. ಎರಡನ್ನೂ ತೆರೆದಿಡಿ, ಚೌಕಟ್ಟಿನೊಳಗೆ ಯಾರು ನುಗ್ಗುತ್ತಿದ್ದಾರೆಂದು ಮೊದಲೇ ತಿಳಿಯುತ್ತದೆ ಎನ್ನುತ್ತಾರೆ ಪಳಗಿದವರು. ಸಲಹೆ ಸರಿಯೇ. ಆದರೆ ಬರೀ ಅಭ್ಯಾಸದಿಂದ ಅದು ಕೈಗೂಡದು, ವ್ಯೂಫೈಂಡರಿನ ಕಿಂಡಿಯೂ ಒಪ್ಪಬೇಕು.

ಎರಡು ಕಣ್ಣಿಗೆ ಬೀಳುವ ಚಿತ್ರಗಳು ಹೆಚ್ಚುಕಡಿಮೆ ಒಂದೇ ಆಗಿದ್ದರೆ ಮಿದುಳು ಅವನ್ನು ಬೆಸೆದುಬಿಡುತ್ತದೆ. ಬೇರೆಬೇರೆಯಾಗಿದ್ದರೆ ಒಮ್ಮೆ ಇದು ಮೇಲೇಳುತ್ತದೆ, ಒಮ್ಮೆ ಅದು. ಇಂಗ್ಲೆಂಡಿನ ಚಾರ್ಲ್ಸ್ ವೀಟ್‌ಸ್ಟನ್ 1838ರಲ್ಲೇ ಒಂದೊಂದು ಕಣ್ಣಿಗೆ ಒಂದೊಂದು ಅಕ್ಷರ ತೋರಿಸಿ ಈ ಜಗ್ಗಾಟವನ್ನು ವಿವರಿಸಿದ್ದರು.

ಹಾಗಾಗಿ ಕಿಂಡಿಯೊಳಗಿನ ನೋಟ ಎಷ್ಟು ದೊಡ್ಡದು ಎಂಬುದೇ ಮುಖ್ಯ. 1954ರ ಲೈಕಾ ಎಂ3 ರೇಂಜ್‌ಫೈಂಡರ್ ಕ್ಯಾಮೆರಾದಲ್ಲಿ ಅದು ನಿಜಗಾತ್ರದ 0.91ರಷ್ಟು, 1957ರ ನಿಕಾನ್ ಎಸ್‌ಪಿಯ ಮುಖ್ಯ ಕಿಂಡಿಯಲ್ಲಿ ಪೂರ್ತಿ ನಿಜಗಾತ್ರ. ಇಂಥದ್ದರಲ್ಲಿ ಬಲಗಣ್ಣಿಟ್ಟು ಎಡಗಣ್ಣು ತೆರೆದರೆ ಕ್ಯಾಮೆರಾ ಇರುವುದೇ ಮರೆಯುತ್ತದೆ. ಬೀದಿಯ ಮೇಲೆ ಬೆಳಕಿನ ಗೆರೆಯ ಚೌಕವೊಂದು ತೇಲುತ್ತಿರುತ್ತದೆ, ಅಷ್ಟೆ. ಕಿಂಡಿ ಕ್ಯಾಮೆರಾದ ಎಡ ಮೂಲೆಯಲ್ಲಿರುವುದರಿಂದ ಎಡಗಣ್ಣಿಗೆ ಅಡ್ಡಿಯೂ ಇಲ್ಲ.

ಇದಕ್ಕೆ ಬೆಲೆ ತೆರಬೇಕು. ನಿಜಗಾತ್ರದ ಕಿಂಡಿಯಲ್ಲಿ ಅಗಲ ನೋಟ ಹಿಡಿಸದು. ಎಂ3ಯೊಳಗಿನ ಅತಿ ಅಗಲದ ಚೌಕಟ್ಟು 50 ಮಿ.ಮೀ. ಲೆನ್ಸಿನದು. 35 ಮಿ.ಮೀ. ಚೌಕಟ್ಟು ಸೇರಿಸಲು ಎಂ2ರಲ್ಲಿ ಗಾತ್ರವನ್ನು 0.72ಕ್ಕೆ ಇಳಿಸಿದರು, ಬೆಸುಗೆ ಸಡಿಲವಾಯಿತು. ನಿಕಾನಿನವರು 28 ಮತ್ತು 35 ಮಿ.ಮೀ.ಗೆಂದು ಪಕ್ಕದಲ್ಲಿ ಇನ್ನೊಂದು ಪುಟ್ಟ ಕಿಂಡಿ ಕೊರೆದರು. ನನಗೆ ಇದೇ ಹೆಚ್ಚು ಜಾಣತನವೆನಿಸುತ್ತದೆ.

ಲೆನ್ಸಿನ ನೋಟವನ್ನೇ ಕನ್ನಡಿಯಿಂದ ಕಿಂಡಿಗೆ ತಿರುಗಿಸುವ ಎಸ್‌ಎಲ್‌ಆರ್ ಕತೆ ಬೇರೆ. 1972ರ ಒಲಿಂಪಸ್ ಓಎಂ-1 ಕಿಂಡಿಯ ಗಾತ್ರ 0.92 ಎಂದು ಓದಿ ಹಿಗ್ಗಬೇಡಿ. ಆ ಲೆಕ್ಕ 50 ಮಿ.ಮೀ. ಲೆನ್ಸಿಗೆ ಮಾತ್ರ. 200 ಮಿ.ಮೀ. ಹಾಕಿದರೆ ಬಲಗಣ್ಣಿನ ನೋಟ ನಾಲ್ಕು ಪಟ್ಟು ಹಿಗ್ಗುತ್ತದೆ, ಎಡಗಣ್ಣಿನದು ಇದ್ದಂತೆಯೇ ಇರುತ್ತದೆ. ಮೇಲಾಗಿ ಕಿಂಡಿ ನಡುವಿನಲ್ಲಿರುವುದರಿಂದ ಎಡಗಣ್ಣಿಗೆ ಅರ್ಧ ಕಾಣುವುದು ಕ್ಯಾಮೆರಾದ ಬೆನ್ನೇ. ಆದರೂ ಒಂದು ಲಾಭವುಂಟು: ಕನ್ನಡಿ ಮೇಲೆದ್ದು ಕಿಂಡಿ ಕತ್ತಲಾಗುವ ಆ ಗಳಿಗೆಯಲ್ಲಿ ತೆರೆದ ಕಣ್ಣು ನೋಡುತ್ತಲೇ ಇರುತ್ತದೆ.

ಹೆಚ್ಚಿನವರು ಗಮನಿಸದ ತೊಡಕು ಫೋಕಸ್ಸಿನದು. ನಮ್ಮ ಎರಡು ಕಣ್ಣುಗಳು ಫೋಕಸ್ ಬದಲಿಸುವುದು ಜೊತೆಜೊತೆಗೇ. ಎಸ್‌ಎಲ್‌ಆರ್ ಕಿಂಡಿಯ ಚಿತ್ರ ಸಾಮಾನ್ಯವಾಗಿ ಒಂದು ಮೀಟರ್ ದೂರದಲ್ಲಿರುವಂತೆ ತೋರುತ್ತದೆ. ಎಡಗಣ್ಣು ನೋಡಬೇಕಾದ ಮೈದಾನವೋ ಬಹು ದೂರ. ಒಂದು ಸ್ಪಷ್ಟವಾದರೆ ಇನ್ನೊಂದು ಮಸುಕು. ಕಿಂಡಿಯ ಫೋಕಸ್ ಬದಲಿಸುವ ಡಯಾಪ್ಟರ್ ಗುಂಡಿಯಿದ್ದರೆ ಎಡಗಣ್ಣನ್ನು ದೂರದ ಮರದ ಮೇಲಿಟ್ಟು ಗುಂಡಿ ತಿರುಗಿಸಿ ಹೊಂದಿಸಿಕೊಳ್ಳಿ.

ಮೂಲೆಯ ಕಿಂಡಿಯೆಂದ ಮಾತ್ರಕ್ಕೆ ನಂಬುವಂತಿಲ್ಲ. 2012ರ ಫ್ಯೂಜಿಫಿಲ್ಮ್ ಎಕ್ಸ್-ಪ್ರೊ1ರ ಗಾಜಿನ ಕಿಂಡಿಯಲ್ಲಿ ಗಾತ್ರ 0.37 ಅಥವಾ 0.60 ಮಾತ್ರ. ಇನ್ನು ಎಡಗಣ್ಣೇ ಬಲವಾಗಿರುವವರು ಕ್ಯಾಮೆರಾ ಅಡ್ಡಲಾಗಿ ಹಿಡಿದು ಆ ಕಣ್ಣನ್ನು ಮೂಲೆಯ ಕಿಂಡಿಗಿಟ್ಟರೆ, ಬಲಗಣ್ಣಿನ ಮುಂದೆ ಇಡೀ ಕ್ಯಾಮೆರಾವೇ ಗೋಡೆಯಾಗಿ ನಿಲ್ಲುತ್ತದೆ. ಅಂಥವರು ಕೊಳ್ಳುವ ಮೊದಲು ಅಂಗಡಿಯಲ್ಲೇ ಎತ್ತಿ ನೋಡುವುದು ವಾಸಿ.